ಎರಡು ಗಂಟೆಗೊಮ್ಮೆ ಮಗ್ಗುಲು

"ಕೈಗೇನು ಲಕ್ವಾ ಹೊಡ್ದಿದೆಯೇನೇ ನಿಂಗೆ? ಹತ್ತು ಗಂಟೆ ಆಯ್ತು, ಮುಂಡೇದೆ, ಚಾರ್ಟೆಲ್ಲ ಖಾಲಿ ಇಟ್ಕೊಂಡು ಕೂತಿದೀಯ."

ನಾನು ಕೂತಿರಲಿಲ್ಲ. ಏಳನೇ ಹಾಸಿಗೆಯ ಹಮಾಲಿಯ ಸೊಂಟದ ಕೆಳಗೆ ಎರಡೂ ಕೈ ತೂರಿಸಿ, ಒಂಟಿಯಾಗಿ ಹೆಣಗುತ್ತಿದ್ದೆ. ಹದಿನೆಂಟು ವರ್ಷ ಕುರ್ಚಿ ಬಿಟ್ಟೇಳದ ಮೇಟ್ರನ್ ಮೇಡಂಗೆ ಎಲ್ಲರೂ ಕೂತಂತೆಯೇ ಕಾಣುತ್ತಾರೆ.

ಅಲುಗಾಡಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆನ್ನು ಕೊಳೆಯುತ್ತದೆ. ಒಬ್ಬರನ್ನು ತಿರುಗಿಸಲು ಇಬ್ಬರು ಬೇಕು. ನಮ್ಮ ವಾರ್ಡಿನಲ್ಲಿ ಅಂಥವರು ಮೂವತ್ತೊಂದು ಜನ, ನರ್ಸು ನಾನೊಬ್ಬಳು. ರೋಗಿಗಳ ಕಡೆಯವರು ಕೈಜೋಡಿಸುತ್ತಿದ್ದರು. ಇವತ್ತು ತಪಾಸಣೆ, ಗಲೀಜು ಕಾಣಬಾರದೆಂದು ಅವರನ್ನೆಲ್ಲ ಬೆಳಿಗ್ಗೆಯೇ ಗೇಟಿನಾಚೆ ಅಟ್ಟಿದ್ದರು.

ಇದಕ್ಕೆಲ್ಲ ಇಲ್ಲೊಂದು ಪದ್ಧತಿಯಿದೆ. ಡ್ಯೂಟಿಗೆ ಬಂದ ತಕ್ಷಣ ಎಂಟು, ಹತ್ತು, ಹನ್ನೆರಡು, ಎರಡು, ಎಲ್ಲ ಗಂಟೆಯ ಕಾಲಮ್ಮನ್ನೂ ಒಟ್ಟಿಗೇ ತುಂಬಿಬಿಡುವುದು. ಎಡ, ಬಲ, ಅಂಗಾತ, ಎಡ. ಅರ್ಧ ಗಂಟೆಯ ಕೆಲಸ. ನನ್ನ ಚಾರ್ಟು ಬಲು ಅಚ್ಚುಕಟ್ಟೆಂದು ಒಮ್ಮೆ ಟಿಫಿನ್ ಡಬ್ಬಿ ಬಹುಮಾನ ಕೊಟ್ಟಿದ್ದರು.

ಹೋದ ತಿಂಗಳು ಒಂಬತ್ತನೇ ಹಾಸಿಗೆಯ ಮೇಷ್ಟ್ರು ಹತ್ತೂವರೆಗೆ ತೀರಿಕೊಂಡರು. ನನ್ನ ಚಾರ್ಟಿನ ಪ್ರಕಾರ ಅವರು ಹನ್ನೆರಡಕ್ಕೆ ಅಂಗಾತ ಮಲಗಿದರು, ಎರಡಕ್ಕೆ ಎಡಕ್ಕೆ ತಿರುಗಿ ಅರ್ಧ ಲೋಟ ನೀರು ಕುಡಿದರು. ಚಾರ್ಟು ಆಫೀಸಿಗೆ ಹೋಗಿ ಸೀಲು ಹಾಕಿಸಿಕೊಂಡು ಬಂತು. ಯಾರೂ ಏನೂ ಕೇಳಲಿಲ್ಲ. ಹೆಣ ಒರೆಸುವಾಗ ನೋಡಿದೆ, ಬೆನ್ನಿನ ಗಾಯದಲ್ಲಿ ನನ್ನ ಮುಷ್ಟಿ ಹಿಡಿಸುತ್ತಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅಂದಿನಿಂದ ತಿರುಗಿಸಿದ್ದನ್ನು ಮಾತ್ರ ಬರೆಯುತ್ತೇನೆ. ಹಾಗಾಗಿ ಕಾಗದದ ಮೇಲೆ ನನ್ನ ವಾರ್ಡಿನಷ್ಟು ಕೆಟ್ಟ ವಾರ್ಡು ಈ ಆಸ್ಪತ್ರೆಯಲ್ಲಿಲ್ಲ.

"ಹನ್ನೆರಡಕ್ಕೆ ಸಾಹೇಬ್ರು ಬರ್ತಾರೆ," ಎಂದರು ಮೇಡಂ. "ತಿಂಗಳ ಕೊನೆಗೆ ನಿನ್ನ ಗುತ್ತಿಗೆ ಮುಗಿಯತ್ತೆ. ಮುಂದುವರ್ಸಿ ಅಂತ ಬರ್ಯೋಳು ನಾನು. ತೆಪ್ಪಗೆ ತುಂಬು."

"ತಿರುಗ್ಸೇ ಇಲ್ಲ ಮೇಡಂ. ಏನಂತ ತುಂಬ್ಲಿ?"

"ದೊಡ್ಡ ಸತ್ಯವಂತೆ ಬಂದ್ಬಿಟ್ಳು. ನೀನು ಬರೀದಿದ್ರೆ ಅವ್ನ ಬೆನ್ನು ವಾಸಿ ಆಗತ್ತೇನೇ?"

ಪ್ರಶ್ನೆ ಸರಿಯಾಗಿಯೇ ಇತ್ತು. ಅವರು ಚಾರ್ಟುಗಳನ್ನು ಕಿತ್ತುಕೊಂಡು ಹೋಗಿ ತಾವೇ ತುಂಬಲು ಕೂತರು.

"ಬರ್ದುಬಿಡ್ಬಾರ್ದಾ ತಾಯಿ?" ಎಂದ ಹಮಾಲಿ. "ನಿಮ್ಮನೇಲೂ ಒಲೆ ಉರೀಬೇಕಲ್ಲ. ಮೂವತ್ತು ವರ್ಷ ಮೂಟೆ ಹೊತ್ತೋನು ನಾನು. ಮೂಟೇನ ಮಗ್ಗುಲಿಗೆ ಮಲಗ್ಸಿದ್ರಾ ಅಂತ ಯಾವ ಸಾಹೇಬ ಕೇಳ್ತಾನೆ?"

"ಬೆನ್ನು ಉರೀತಿದೆಯಾ ದೊಡ್ಡಪ್ಪ?"

"ಉರಿ ನಿಂತು ಎರಡು ದಿನ ಆಯ್ತು. ಈಗ ಆರಾಮು."

ಅದು ಆರಾಮಲ್ಲ, ಅಲ್ಲಿನ ಮಾಂಸ ಸತ್ತಿದೆಯೆಂದು ನನಗೆ ಗೊತ್ತಿತ್ತು.

ಸಾಹೇಬರು ಹನ್ನೆರಡಕ್ಕೆ ಸರಿಯಾಗಿ ಬಂದರು. ಏಳನೇ ಹಾಸಿಗೆಯ ಚಾರ್ಟು ಹಿಡಿದು ಬೆರಳಿಟ್ಟು ಓದಿದರು. "ಹತ್ತಕ್ಕೆ ಬಲ, ಹನ್ನೆರಡಕ್ಕೆ ಅಂಗಾತ, ಎರಡಕ್ಕೆ ಎಡ. ಗುಡ್. ಒಂದೂ ತಪ್ಪಿಲ್ಲ." ಎರಡು ಗಂಟೆಯಾಗಲು ಇನ್ನೂ ಎರಡು ಗಂಟೆ ಬಾಕಿಯಿತ್ತು. ಮೇಡಂ ನಾಚಿಕೊಂಡು ನಕ್ಕರು.

ನಾನು ಹೊದಿಕೆ ಸರಿಸಿದೆ. "ತಿರುಗ್ಸೋ ಹೊತ್ತಾಯ್ತು ಸಾರ್. ಭುಜ ಹಿಡ್ಕೊಳ್ಳಿ."

ಅವರು ಹಿಂದೆ ತಿರುಗಿ ನೋಡಿದರು.

"ನಿಮ್ಗೇ ಹೇಳಿದ್ದು. ಇಬ್ರು ಬೇಕು ಇದಕ್ಕೆ."

ಏನು ತೋಚಿತೋ, ಪೆನ್ನು ಜೇಬಿಗಿಟ್ಟು ಹಿಡಿದರು. ಎಳೆದು ತಿರುಗಿಸಿದೆವು. ಹಾಸಿಗೆಗೆ ಅಂಟಿದ್ದ ಬ್ಯಾಂಡೇಜು ಮಾಂಸದ ಸಮೇತ ಕಿತ್ತುಬಂತು. ಒಳಗೆ ಬೆಳ್ಳಗೆ ಮೂಳೆ ಕಂಡಿತು. ವಾಸನೆಗೆ ಸಾಹೇಬರು ಮೂಗು ಮುಚ್ಚಿಕೊಳ್ಳಬೇಕಿತ್ತು, ಕೈಗಳಿಗೆ ಬಿಡುವಿರಲಿಲ್ಲ.

"ಬಿಡ್ಬೇಡಿ ಸಾರ್, ಅದರ ಮೇಲೇ ಬಿದ್ಬಿಡ್ತಾರೆ."

ನಾನು ಆತುರ ಪಡದೆ ಗಾಯ ತೊಳೆದೆ, ಹೊಸ ಬಟ್ಟೆ ಕಟ್ಟಿದೆ, ಬೆನ್ನಿಗೆ ದಿಂಬು ಕೊಟ್ಟೆ. ಹಮಾಲಿ ಕಣ್ಣು ಮುಚ್ಚಿಕೊಂಡಿದ್ದ.

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ," ಎಂದರು ಮೇಡಂ ಹಲ್ಲು ಕಚ್ಚಿ.

"ಆಯ್ತು ಮೇಡಂ. ಇವತ್ತು ಎರಡರವರೆಗೆ ಡ್ಯೂಟಿ ಇದೆ."

ಕೈ ತೊಳೆದುಕೊಂಡು ಪಕ್ಕದ ಹಾಸಿಗೆಯ ಹೊದಿಕೆ ಸರಿಸಿದೆ.

"ಈ ಕಡೆ ಬನ್ನಿ ಸಾರ್. ಇನ್ನೂ ಮೂವತ್ತು ಜನ ಇದಾರೆ."