ಸಹಿ ಕಲಿಸುವ ಶಾಲೆ

ಮಹಾರುದ್ರಪ್ಪ ಸಾವಕಾರರು ತಮ್ಮ ವಾಡೆಯ ಹೊರಪಡಸಾಲೆಯಲ್ಲಿ ಹೆಂಗಸರಿಗೆ ಶಾಲೆ ತೆರೆಯುತ್ತಾರೆಂಬ ಸುದ್ದಿ ಕುರುಬರ ಓಣಿಗೆ ಬಂದಾಗ ಚಂದಮ್ಮ ಆಡಿನ ಗೊರಸಿಗೆ ನೆಟ್ಟ ಜಾಲಿಮುಳ್ಳು ಕೀಳುತ್ತಿದ್ದಳು. ಸುದ್ದಿ ತಂದವಳು ನೆರೆಮನೆಯ ಮಲ್ಲಮ್ಮ.

"ಪಾಟಿ ಪುಕ್ಕಟ, ಬಳಪ ಪುಕ್ಕಟ. ಮ್ಯಾಲ ದಿನಾ ಒಂದ್ ಹಿಡಿ ಪುಟಾಣಿ-ಬೆಲ್ಲ ಕೊಡ್ತಾರಂತ" ಎಂದಳು ಮಲ್ಲಮ್ಮ.

ಚಂದಮ್ಮ ಮುಳ್ಳಿನಿಂದ ಕಣ್ಣೆತ್ತಲಿಲ್ಲ. "ತ್ವಾಳ ಬಂದು ಹಟ್ಟಿ ಕಸಾ ಹೊಡೀತೀನಿ ಅಂದ್ರ ಮೊದಲ ಮರಿ ಎಣಿಸ್ಕೋಬೇಕವ್ವಾ."

"ನಿನಗ ದೇವ್ರು ಬಂದ್ರೂ ಸಂಶಯ."

"ದೇವ್ರ ಮ್ಯಾಲ ಇಲ್ಲ. ದೇವ್ರನ್ನ ಕರಕೊಂಡ್ ಬಂದವ್ರ ಮ್ಯಾಲ."

ಸಂಶಯಕ್ಕೆ ಕಾರಣ ನಾಲ್ಕು ಎಕರೆ ಹೊಲ. ಮೋರಖಂಡಿ ದಾರಿಗೆ ಹತ್ತಿಕೊಂಡಿದ್ದ ಆ ಕರಿಮಣ್ಣನ್ನು ಚಂದಮ್ಮನ ಗಂಡ ನಿಜಾಮನ ಕಾಲದಿಂದ ಪಾಲಿಗೆ ಮಾಡಿದ್ದ. ಅವನು ಸತ್ತು ಮೂರು ವರ್ಷವಾದರೂ ಕುಂಟೆ ಬಿಡದೆ ಅವಳೇ ಮಾಡುತ್ತಿದ್ದಳು. ಕಾಗದದಲ್ಲಿ ಮಾತ್ರ ಅದು ಸಾವಕಾರರ ಹೊಲ. ಉಳುವವರಿಗೇ ಹೊಲ ಎಂಬ ಕಾಯ್ದೆ ಬಂದ ಮೇಲೆ ಅವಳು ಬಸವಕಲ್ಯಾಣದ ಕಚೇರಿಗೆ ಹೋಗಿ, ಹೆಬ್ಬಟ್ಟು ಒತ್ತಿ, ಅರ್ಜಿ ಹಾಕಿ ಬಂದಿದ್ದಳು. ಸಂಕ್ರಾಂತಿಯ ಮರುದಿನ ವಿಚಾರಣೆಗೆ ಹಾಜರಿ. ಅರ್ಜಿ ಹಾಕಿದ ಸುದ್ದಿ ತಿಳಿದೂ ಸಾವಕಾರರು ಬೈಯಲಿಲ್ಲ, ಆಳು ಕಳಿಸಲಿಲ್ಲ. ಕುರುಬರ ಮನೆಯ ಮಜ್ಜಿಗೆಯನ್ನು ಮೂಸಿಯೂ ನೋಡದ ಮನುಷ್ಯ ಓಣಿಗೆ ತಾನೇ ನಡೆದು ಬಂದು, "ತಂಗೀ, ಅಕ್ಷರ ಕಲೀ" ಎಂದ. ಬೈದಿದ್ದರೆ ಅವಳು ಅಷ್ಟು ಹೆದರುತ್ತಿರಲಿಲ್ಲ.

ಸಂತೆಯ ದಿನ ಅವಳು ಕಲ್ಯಾಣದ ಕಚೇರಿ ಮುಂದೆ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಮಕ್ಬೂಲ್ ಚಾಚಾನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಅವಳ ಅರ್ಜಿ ಬರೆದವನೂ ಅವನೇ.

"ಚಾಚಾ, ಸಾವಕಾರ್ರು ನಮಗ ಸಹಿ ಕಲಸ್ತಾರಂತ. ಇದರಾಗ ಅವರಿಗೇನು ಫಾಯ್ದಾ?"

ಮಕ್ಬೂಲ್ ಕನ್ನಡಕ ಒರೆಸಿಕೊಂಡ. "ನೋಡಮ್ಮಾ, ಕಾಗಜದ ಮ್ಯಾಲ ಹೆಬ್ಬಟ್ಟ ಇದ್ರ ಸಾಹೇಬ ಕೇಳ್ತಾನ, 'ಓದಿ ಹೇಳಿದ್ರೇನು ನಿನಗ' ಅಂತ. ಸಹಿ ಇದ್ರ ಕೇಳಂಗಿಲ್ಲ. ಓದು ಬಂದಾಕಿ, ತಿಳದೇ ಮಾಡ್ಯಾಳ ಅಂತಾನ."

"ಅಂದ್ರ ಕಲೀಬ್ಯಾಡ ಅಂತೀಯೇನು?"

"ಕಲಿ. ಅರ್ಧಾ ಕಲೀಬ್ಯಾಡ."

ದಸರೆ ಮುಗಿದ ಮೇಲೆ ಶಾಲೆ ಶುರುವಾಯಿತು, ಮಧ್ಯಾಹ್ನದ ರೊಟ್ಟಿ ಉಂಡ ಮೇಲೆ ಎರಡು ತಾಸು. ಹನ್ನೊಂದು ಹೆಂಗಸರು. ಚಂದಮ್ಮನೂ ಹೋದಳು. ತೋಳ ಎಲ್ಲಿದೆಯೆಂದು ಕಾಣಬೇಕಾದರೆ ಅದು ಕಣ್ಣಿಗೆ ಬೀಳುವ ಕಡೆ ಕೂಡಬೇಕು.

ಕಲಿಸಲು ಬಂದವಳು ಹುಮನಾಬಾದಿನ ಶಕುಂತಲಾಬಾಯಿ. ಇಪ್ಪತ್ತೈದರ ಹುಡುಗಿ, ಮಾಸ್ತರಿಕೆಯ ತರಬೇತಿ ಮುಗಿಸಿ ನೌಕರಿಗೆ ಕಾಯುತ್ತಿದ್ದಳು. ಸಾವಕಾರರು ಹೇಳಿದರೆ ಕಾಯಂ ಆರ್ಡರು ಬರುತ್ತದೆಂದು ಊರೆಲ್ಲ ಮಾತು. ಒಗೆದ ಬಿಳಿ ಸೀರೆ, ಮೆತ್ತಗಿನ ದನಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಚಂದಮ್ಮ ಹಿಂದಿನ ಸಾಲಿನಲ್ಲಿ ಕಂಬಕ್ಕೊರಗಿ ಕುಳಿತಳು.

ಪ್ರತಿದಿನ ಪಾಠಕ್ಕೆ ಮುಂಚೆ ಶರಣರ ಹೆಸರೆತ್ತಿ ಸಾವಕಾರರ ಉಪದೇಶ. ಹಣೆ ತುಂಬ ವಿಭೂತಿ, ಕೈಯಲ್ಲಿ ಹಿತ್ತಾಳೆ ತಂಬಿಗೆ. "ಅಕ್ಷರ ಅಂದ್ರ ಶಿವ. ಕಲಿಯೋರಿಗೆ ಮೊದಲ ವಿನಯ ಬೇಕು. ಗುರು ಹೇಳಿದ್ದು ಮಾಡಬೇಕು, ಯಾಕ ಅಂತ ಕೇಳಬಾರದು."

ಹೆಂಗಸರು ಕೈಮುಗಿಯುತ್ತಿದ್ದರು. ಚಂದಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಶರಣರು ಯಾಕೆ ಎಂದು ಕೇಳಿದ್ದಕ್ಕೇ ಒಂದು ಕಾಲಕ್ಕೆ ಕಲ್ಯಾಣ ಕಲ್ಯಾಣವಾಗಿತ್ತೆಂದು ಅವಳು ಭಜನೆಯವರ ಬಾಯಲ್ಲಿ ಕೇಳಿದ್ದಳು. ಕೇಳಿದವರ ಹೆಸರು ಹೇಳಿಕೊಂಡೇ ಕೇಳಬೇಡಿರೆನ್ನುವ ಈ ಭಕ್ತಿ ಯಾವ ಊರಿನದೋ ಅವಳಿಗೆ ತಿಳಿಯಲಿಲ್ಲ.

ಪಾಠವೆಂದರೆ ಹೆಸರು. ಅ ಆ ಇ ಈ ಇಲ್ಲ, ಎಣಿಕೆ ಇಲ್ಲ. ತಿಂಗಳು ಕಳೆದರೂ ಹನ್ನೊಂದು ಪಾಟಿಯ ಮೇಲೆ ಹನ್ನೊಂದು ಹೆಸರು.

"ನನ್ನ ಹೆಸರು ಬರದೂ ಬರದೂ ನನಗ ಬ್ಯಾಸರಾಗ್ಯದ. ನಾ ಸತ್ರೂ ಈ ಪಾಟಿ ಎದ್ದು ನಡೀತದ" ಎಂದಳು ಮುನ್ನಿ ಬೀ. ಎಲ್ಲರೂ ನಕ್ಕರು.

ಚಂದಮ್ಮ ನಗಲಿಲ್ಲ. "ಅಕ್ಕೋರ, ಹೊಲ ಅಂತ ಬರ್ದು ತೋರಸ್ರಿ."

"ಮೊದಲ ಹೆಸರು ಗಟ್ಟಿ ಆಗ್ಲಿ. ಸಾವಕಾರ್ರು ಹೆಸರಷ್ಟೇ ಕಲಸು ಅಂದಾರ."

"ಅದ ಯಾಕಂತ್ರಿ?"

ಶಕುಂತಲಾಬಾಯಿ ಬಾಗಿಲ ಕಡೆ ನೋಡಿದಳು. ಆ ನೋಟವನ್ನು ಚಂದಮ್ಮ ಗಂಟುಕಟ್ಟಿ ಇಟ್ಟುಕೊಂಡಳು. ಆದರೆ ಅಕ್ಕೋರು ತಿರುಗಿ ಬಂದು, ಅವಳ ಪಾಟಿಯ ಮೂಲೆಯಲ್ಲಿ ಸಣ್ಣಗೆ 'ಹೊಲ' ಎಂದು ಬರೆದರು. ಇದು ಕರುಣೆಯೋ, ಬಾಯಿ ಮುಚ್ಚಿಸುವ ಬೆಲ್ಲವೋ?

ಎರಡನೆಯ ಪದವನ್ನು ಚಂದಮ್ಮ ಬಾಯಿಬಿಟ್ಟು ಕೇಳುವಂತಿರಲಿಲ್ಲ. ಗಂಡನ ಹೆಸರನ್ನು ಹೆಂಡತಿ ಹೇಳಬಾರದು, ಸತ್ತ ಮೇಲೂ. ಮಲ್ಲಮ್ಮನ ಪಕ್ಕೆಗೆ ತಿವಿದಳು.

"ಭೀಮಶಾ ಅಂತ್ರೀ ಅಕ್ಕೋರ, ಆಕಿ ಗಂಡನ ಹೆಸರು. ಆಕಿ ನಾಲಿಗಿಗೆ ಬೀಗ ಅದ" ಎಂದಳು ಮಲ್ಲಮ್ಮ.

"ಬರದ್ರ ನಡೀತದೇನು?" ಎಂದು ಅಕ್ಕೋರು ನಕ್ಕರು.

"ಬರದ್ರ ಹೇಳಿದಂಗ ಆಗಂಗಿಲ್ಲ. ಕೈಗೇನು ನಾಲಿಗಿ ಅದ ಏನ್ರಿ?" ಎಂದಳು ಚಂದಮ್ಮ. ಮನೆಗೆ ಬಂದು ಒಲೆಯ ಬೂದಿ ಹರಡಿ, ಬೆರಳಿನಿಂದ ಆ ಹೆಸರನ್ನು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಮೂವತ್ತು ವರ್ಷ ಕೂಡಿ ಬಾಳಿದವನನ್ನು ಅವಳು ಮೊದಲ ಸಲ ಹೆಸರು ಹಿಡಿದು ಕರೆದದ್ದು ಹಾಗೆ.

ಎಳ್ಳಮಾವಾಸ್ಯೆಗೆ ಎರಡು ದಿನ ಮುಂಚೆ ಪರೀಕ್ಷೆ ಎಂದು ಸಾರಿದರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಸಣ್ಣ ಮೇಜಿನ ಮೇಲೆ ಮಡಿಚಿದ ಹಾಳೆಗಳು, ಪಕ್ಕದಲ್ಲಿ ಒಂದು ತಟ್ಟೆ ತುಂಬ ಅರಿಶಿನ ಭಂಡಾರ. ಕುರುಬರ ದೇವರು ಅಮೋಘಸಿದ್ಧನ ಭಂಡಾರ.

"ನಿಮ್ಮ ದೇವ್ರ ಗುಡಿಗೆ ಆಳ ಕಳಿಸಿ ತರಿಸೀನಿ" ಎಂದರು ಸಾವಕಾರರು. "ಭಂಡಾರ ಮುಟ್ಟಿ, ಈ ಗೆರಿ ಮ್ಯಾಲ ಹೆಸರು ಬರೀರಿ. ಪಾಸಾದಂಗ."

ಮಲ್ಲಮ್ಮ ಆಗಲೇ ಹಣೆಗೆ ಹಚ್ಚಿಕೊಂಡಿದ್ದಳು. ಚಂದಮ್ಮ ತಟ್ಟೆಯಿಂದ ಕೈ ಹಿಂದಕ್ಕೆಳೆದುಕೊಂಡಳು. ಭಂಡಾರ ಮುಟ್ಟಿ ಆಡಿದ ಮಾತಿಗೆ ಕುರುಬರಲ್ಲಿ ಹಿಂದೆ ಸರಿಯುವುದಿಲ್ಲ. ಅಣ್ಣತಮ್ಮಂದಿರ ಪಾಲು, ಕುರಿಯ ವ್ಯಾಜ್ಯ, ಎಲ್ಲ ಅದರ ಮೇಲೆಯೇ ತೀರುವುದು. ಪರೀಕ್ಷೆಗೆ ಭಂಡಾರವೇಕೆ? ಕಚೇರಿಗೆ ಒಂದು ಬೀಗ, ದೇವರಿಗೆ ಒಂದು ಬೀಗ. ಎರಡನ್ನೂ ಒಂದೇ ದಿನ ಜಡಿಯುವ ಹಂಚಿಕೆ.

ಗಯಾಬಾಯಿ ಬರೆದಳು. ಮುನ್ನಿ ಬೀ ಬರೆದಳು. ಮಲ್ಲಮ್ಮನೂ ಬರೆದು ಬಂದಳು. ಅವರೆಲ್ಲರದು ಏನೂ ಬರೆಯದ ಬಿಳಿಯ ತೆಳು ಹಾಳೆ. ಚಂದಮ್ಮನ ಮುಂದೆ ಬಂದದ್ದು ದಪ್ಪ ಕಾಗದ. ಮಡಿಕೆಯ ಮೇಲೆ ಸಾವಕಾರರ ಅಂಗೈ ಇತ್ತು, ಕೆಳಗಿನ ಗೆರೆ ಮಾತ್ರ ಕಾಣುತ್ತಿತ್ತು.

"ಕೈ ತಗೀರಿ ಸಾವಕಾರ್ರ, ಬರಿಯಾಕ ಜಾಗಾ ಸಾಲ್ವಲ್ದು" ಎಂದಳು ಚಂದಮ್ಮ.

ಉಳಿದ ಹತ್ತು ಹೆಂಗಸರು ನೋಡುತ್ತಿದ್ದರು. ಸಾವಕಾರರು ಅಂಗೈಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದರು. ಅಷ್ಟು ಸಾಕಾಯಿತು. ಇರುವೆಯ ಸಾಲಿನಂಥ ಅಕ್ಷರಗಳ ನಡುವೆ ಒಂದು ಹೆಸರು ಅವಳ ಮುಖ ನೋಡಿತು. ಬೂದಿಯಲ್ಲಿ ನೂರು ಸಲ ಕರೆದ ಹೆಸರು, ಭೀಮಶಾ. ಅದರ ಕೆಳಗಿನ ಸಾಲಿನಲ್ಲಿ ಹೊಲ. ಮತ್ತೆ ಹೊಲ.

"ನನ್ನ ಪರೀಕ್ಷಾದಾಗ ನಮ್ಮನಿಯವರು ಯಾಕ ಬಂದಾರ?" ಎಂದಳು ಚಂದಮ್ಮ.

"ವಿಧವಾ ಹೆಣ್ಣಮಗಳು. ಗಂಡನ ಹೆಸರು ಬೇಕಲ್ಲ."

"ಗಯಾಬಾಯಿನೂ ವಿಧವಾನೇ. ಆಕಿ ಹಾಳ್ಯಾಗ ಇಲ್ಲ. ಮತ್ತ ಹೊಲ ಯಾಕ ಬಂದದ? ಹೊಲಾನೂ ಪರೀಕ್ಷಾಕ ಕುಂತದೇನು?"

ಸಾವಕಾರರ ದನಿ ಗಟ್ಟಿಯಾಯಿತು. "ಎರಡ ಅಕ್ಷರ ಬಂದ ಕೂಡ್ಲೆ ಇಷ್ಟ ಸೊಕ್ಕು? ಇದಕ್ಕೇನ ನಾನು ಸಾಲಿ ತಗದದ್ದು?"

ಚಂದಮ್ಮ ಕಾಗದ ಕೈಗೆತ್ತಿಕೊಂಡು ಅಕ್ಕೋರ ಮುಂದೆ ಹಿಡಿದಳು. ಶಕುಂತಲಾಬಾಯಿ ಓದಿದಳು, ಬಾಯೊಳಗೇ. ಹೊಲಕ್ಕೂ ತನಗೂ ತನ್ನ ಗಂಡನಿಗೂ ಸಂಬಂಧವಿಲ್ಲ, ಅರ್ಜಿಯನ್ನು ಸ್ವಂತ ಖುಷಿಯಿಂದ ವಾಪಸು ಪಡೆದಿದ್ದೇನೆ, ಎಂದಿತ್ತು ಅದರಲ್ಲಿ. ಶಕುಂತಲಾಬಾಯಿಯ ಮುಖ ಸುಣ್ಣವಾಯಿತು. ಬೆಳಗಿನಿಂದ ಆ ಹಾಳೆಗಳನ್ನು ಜೋಡಿಸಿ ಇಟ್ಟವಳು ಅವಳೇ. ಓದು ಬಾರದವಳು ಸಂಶಯಪಟ್ಟು ನೋಡಿದ್ದಳು, ಓದು ಬಂದವಳು ನಂಬಿಕೊಂಡು ನೋಡದೇ ಹೋಗಿದ್ದಳು.

"ಅಕ್ಕೋರ" ಎಂದರು ಸಾವಕಾರರು ಮೆತ್ತಗೆ, "ನಿಮ್ಮ ಆರ್ಡರಿನ ಮಾತು ಬೀದರಿನಾಗ ಆಗ್ಯದ. ಬರೂ ತಿಂಗಳ ಕೈಗೆ ಬರ್ತದ."

ಅಕ್ಕೋರು ಕಾಗದದಿಂದ ಕಣ್ಣು ಕಿತ್ತು ನೆಲ ನೋಡಿದರು. ಇಷ್ಟೇ ಇವಳ ವಿದ್ಯೆ ಎಂದುಕೊಂಡಳು ಚಂದಮ್ಮ. ಆದರೂ ಕೇಳಿದಳು.

"ಇದನ್ನ ಓದಿ ಹೇಳ್ರಿ ಅನ್ನಂಗಿಲ್ಲ ನಿಮಗ. ಒಂದ್ ಪಾಠ ಬಾಕಿ ಅದ, ಅದನ್ನ ಕಲಸ್ರಿ. 'ಒಲ್ಲೆ' ಅಂತ ಹ್ಯಾಂಗ ಬರೀಬೇಕು?"

ಶಕುಂತಲಾಬಾಯಿ ಬಳಪ ಕೈಗೆ ತೆಗೆದುಕೊಂಡಳು. ಅವಳು ಸಾವಕಾರರ ಕಡೆ ನೋಡಲಿಲ್ಲ. ಚಂದಮ್ಮನ ಪಾಟಿ ಎತ್ತಿಕೊಂಡು ಎರಡು ಅಕ್ಷರ ಬರೆದು ಕೊಟ್ಟಳು.

ಚಂದಮ್ಮ ಪಾಟಿಯನ್ನು ದಿಟ್ಟಿಸಿದಳು. ಒಲ್ಲೆ ಎಂದೇ ಬರೆದಿದ್ದಾಳೋ, ಒಪ್ಪಿಗೆ ಎಂದು ಬರೆದಿದ್ದಾಳೋ? ಆರ್ಡರು ಬೇಕಾದವಳ ಕೈ ಏನನ್ನಾದರೂ ಬರೆದೀತು.

"ಮಲ್ಲೀ, ನಿನ್ನ ಪಾಟಿ ತೋರ್ಸು."

ಮಲ್ಲಮ್ಮನ ಹೆಸರಿನ ನಡುವಿನ ಅಕ್ಷರಕ್ಕೆ ಬೆರಳಿಟ್ಟಳು, ತನ್ನ ಪಾಟಿಯ ಎರಡನೆಯದಕ್ಕೆ ಬೆರಳಿಟ್ಟಳು. ಹೊಟ್ಟೆ ಒಂದೇ, ಕೆಳಗೆ ಜೋತ ಬಾಲ ಒಂದೇ. ತಲೆ ಮಾತ್ರ ಬೇರೆ.

"ಇದರ ತೆಲಿ ಮ್ಯಾಲ ಸುತ್ತಿದ್ದೇನ್ರಿ?"

"ಮಲ್ಲಮ್ಮನ ಹೆಸರಿನಾಗ 'ಲ್ಲ' ಅದ. ತೆಲಿ ಸುತ್ತಿದ್ರ 'ಲ್ಲೆ' ಆಗತದ" ಎಂದರು ಅಕ್ಕೋರು. ಕಣ್ಣು ತುಂಬಿದ್ದವು. ಕಣ್ಣೀರನ್ನು ಚಂದಮ್ಮ ಲೆಕ್ಕಕ್ಕೆ ಹಿಡಿಯಲಿಲ್ಲ. ಉಳಿದದ್ದನ್ನೆಲ್ಲ ತಾಳೆ ನೋಡಿಯಾಗಿತ್ತು, ಆ ಸುತ್ತನ್ನು ಮಾತ್ರ ನಂಬಬೇಕಿತ್ತು.

ಭಂಡಾರದ ತಟ್ಟೆಯನ್ನು ಹತ್ತಿರಕ್ಕೆಳೆದು ಬೆರಳು ಅದ್ದಿದಳು. ಸಾವಕಾರರ ಮುಖ ಅರಳಿತು. ಅವಳು ಪೆನ್ನು ಹಿಡಿದು, ಹೆಸರು ಬರೆಯಬೇಕಾದ ಗೆರೆಯ ಮೇಲೆ, ದಪ್ಪ ಕಾಗದ ಹರಿಯುವಷ್ಟು ಒತ್ತಿ, ಆ ಎರಡು ಅಕ್ಷರ ಬರೆದಳು. ಹಳದಿ ಬೆರಳಿನ ಗುರುತೂ ಪಕ್ಕದಲ್ಲಿ ಮೂಡಿತು.

"ನೀ ಫೇಲ್" ಎಂದರು ಸಾವಕಾರರು, ಕಾಗದ ಕಸಿದು ನೋಡಿ.

"ಆಗ್ಲೇಳ್ರಿ. ದೇವ್ರ ಮುಂದ ಬರ್ದೀನಿ, ಹಿಂದ ಸರಿಯಂಗಿಲ್ಲ."

ಮರುದಿನ ಪಡಸಾಲೆಗೆ ಬೀಗ ಬಿತ್ತು. ಅಕ್ಕೋರು ಬೆಳಗಿನ ಬಸ್ಸಿಗೇ ಹುಮನಾಬಾದಿಗೆ ಹೋದರೆಂದು ಮಲ್ಲಮ್ಮ ಹೇಳಿದಳು. ಅವರಿಗೆ ಆರ್ಡರು ಇನ್ನು ಬರುವುದಿಲ್ಲವೆಂದೂ ಹೇಳಿದಳು. ಚಂದಮ್ಮ ಆಗಲೂ ಅಕ್ಕೋರನ್ನು ಪೂರಾ ನಂಬಲಿಲ್ಲ. ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದಳು. ಸಂತೆಯ ದಿನ, ಅಳಿಸದೆ ಇಟ್ಟಿದ್ದ ಪಾಟಿಯನ್ನು ಸೆರಗಿನಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಕಲ್ಯಾಣಕ್ಕೆ ನಡೆದಳು.

ಬೇವಿನ ಮರದ ಕೆಳಗೆ ಮಕ್ಬೂಲನ ಮುಂದೆ ಪಾಟಿ ಬಿಚ್ಚಿದಳು. "ಇದೇನಂತದ ಓದು ಚಾಚಾ. ನಾ ಏನೂ ಹೇಳಂಗಿಲ್ಲ."

ಅವನು ಕನ್ನಡಕ ಏರಿಸಿ ನೋಡಿದ. "ಒಲ್ಲೆ."

"ಖರೇನು?"

"ಖುದಾನ ಕಸಮ್. ಒಲ್ಲೆ. ಮೋತಿಯಂಥ ಅಕ್ಷರ. ಯಾರು ಬರದದ್ದು?"

ಚಂದಮ್ಮ ಪಾಟಿಯ ಆ ಎರಡು ಅಕ್ಷರಗಳ ಅಂಚನ್ನು ಅಳಿಸದಂತೆ ಬೆರಳಿನಿಂದ ಮುಟ್ಟಿದಳು. ಆಮೇಲೆ ಅದನ್ನು ಮೊದಲಿನಂತೆಯೇ ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

"ಹುಮನಾಬಾದಿಗೆ ಬಸ್ ಎಷ್ಟಕ್ಕದ ಚಾಚಾ?"