ಹಾಯಾಗಿದ್ದೇನೆ ಎನ್ನುವ ಬೆರಳು

ಉಸಿರು ಸ್ವಲ್ಪ ಜಾಸ್ತಿಯಾಯಿತೇನೋ, ಇಷ್ಟು ಉದ್ದಕ್ಕೆ ಬಿಟ್ಟರೆ ನಾಟಕವೆಂದು ಗೊತ್ತಾಗಿಬಿಡುತ್ತದೆ, ನಿಜವಾಗಿ ತೇಲಿಹೋದವರು ಹೇಗೆ ಉಸಿರಾಡುತ್ತಾರೋ ನನಗೇನು ಗೊತ್ತು, ನಾನು ಒಮ್ಮೆಯೂ ತೇಲಿಹೋದವಳಲ್ಲ, ಇದನ್ನು ನನಗೆ ನಾನೇ ಒಪ್ಪಿಕೊಳ್ಳುತ್ತಿರುವುದು ಈಗ, ಆಪರೇಷನ್ ಟೇಬಲ್ಲಿನ ಮೇಲೆ, ಕುತ್ತಿಗೆ ಹಿಂದಕ್ಕೆ ಬಾಗಿಸಿ ಮಲಗಿಸಿದ ಮೇಲೆ, ಗಲ್ಲದ ಹತ್ತಿರ ಹಸಿರು ಬಟ್ಟೆಯ ಪರದೆ ಕಟ್ಟಿದ ಮೇಲೆ. ಅಲೆ ಬಂತು, ಅಲೆ ಹೋಯ್ತು, ಕಾಲು ಬೆಚ್ಚಗೆ ಮರಳಲ್ಲಿ ಹೂತಿದೆ, ಅನ್ನುತ್ತಿದ್ದಾರೆ ಡಾಕ್ಟರಮ್ಮ ನನ್ನ ಕಿವಿಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು, ಅರಿವಳಿಕೆಯ ಮತ್ತು ಕೊಡುವ ಡಾಕ್ಟರೇ ಅವರು, ಆದರೆ ನನ್ನ ಪಾಲಿಗೆ ಸೂಜಿಗಿಂತ ಹೆಚ್ಚಾಗಿ ಮಾತಿನಿಂದ ಮತ್ತು ಕೊಡಬೇಕಾದವರು — ನನ್ನ ಕಾಲು ಎಲ್ಲಿಯೂ ಹೂತಿಲ್ಲ, ಆಸ್ಪತ್ರೆಯ ಸಡಿಲ ಸಾಕ್ಸಿನೊಳಗೆ ಮಂಜುಗಡ್ಡೆಯಂತಿದೆ, ಮರಳಿಲ್ಲ, ಅಲೆಯಿಲ್ಲ, ಪರದೆಯ ಆಚೆಯಿಂದ ಸರ್ಜನ್ ದನಿ, ಸಿಸ್ಟರ್, ಲೈಟು ಸ್ವಲ್ಪ ಈ ಕಡೆ, ಹಾಂ, ನಿಮ್ಮ ತಲೆ ಅಲ್ಲ ಲೈಟು, ಯಾರೋ ಕಿಸಕ್ಕೆಂದರು, ನನಗೂ ನಗು ಬಂತು, ತುಟಿ ಕಚ್ಚಿದೆ, ತೇಲುತ್ತಿರುವವಳು ನಗಬಾರದಲ್ಲ. ಏನಮ್ಮಾ, ಹೇಗಿದೀರಿ ಅಲ್ಲಿ, ಅಂದರು ಡಾಕ್ಟರಮ್ಮ. ಮಾತಿನ ಬದಲು ಬೆರಳು, ಹಾಗೆಂದು ನಮ್ಮಲ್ಲಿ ಒಪ್ಪಂದ, ಎಡಗೈ ತೋರುಬೆರಳು ಎತ್ತಿದರೆ ಹಾಯಾಗಿದ್ದೇನೆ ಎಂದು, ಬಲಗೈಯದು ಎತ್ತಿದರೆ ನೋವಾಗುತ್ತಿದೆ ಎಂದು. ಎಡಗೈ ಬೆರಳು ಎದ್ದು ನಿಂತಿತು. ಗುಡ್, ಅಂದರು. ಕುತ್ತಿಗೆಯ ಚರ್ಮವೇನೋ ಮರಗಟ್ಟಿದೆ, ಅದಕ್ಕೆ ಇಂಜೆಕ್ಷನ್ ಕೊಟ್ಟಿದ್ದಾರೆ, ಕೊಯ್ದದ್ದು ಯಾರೋ ಪೆನ್ನಿನಲ್ಲಿ ಗೆರೆ ಎಳೆದ ಹಾಗೆ ಅಷ್ಟೆ, ಆದರೆ ಅದರ ಒಳಗೆ, ಗಂಟು ಇರುವ ಕಡೆ, ಏನನ್ನೋ ಹಿಡಿದು ಜಗ್ಗುತ್ತಿದ್ದಾರೆ, ಜಗ್ಗಿದಾಗಲೆಲ್ಲ ಕಿವಿಯ ಬುಡದಿಂದ ಹಲ್ಲಿನವರೆಗೆ ಬೆಂಕಿಯ ಎಳೆಯೊಂದು ಓಡುತ್ತದೆ.

ಇಷ್ಟಕ್ಕೆಲ್ಲ ಕಾರಣ ಚಿಕ್ಕಮ್ಮ ಎಂದರೆ ಅವಳಿಗೆ ಅನ್ಯಾಯ, ಆದರೂ ಚಿಕ್ಕಮ್ಮನೇ, ಪಿತ್ತಕೋಶದ ಆಪರೇಷನ್ ಆದಮೇಲೆ ಅರಿವಳಿಕೆಯ ಮತ್ತು ಇಳಿಯುತ್ತಿದ್ದಾಗ ವಾರ್ಡಿನಲ್ಲಿ ಇಡೀ ಬಳಗದ ಎದುರು ಚಿಕ್ಕಪ್ಪನ ಕಡೆ ಕೈ ತೋರಿಸಿ, ಇವರ ಗೊರಕೆನಾದ್ರೂ ತಡ್ಕೋಬಹುದು ಕಣ್ರೀ, ಎದ್ದಿರುವಾಗ ಮಾತಾಡ್ತಾರಲ್ಲ, ಅದನ್ನ ತಡ್ಕೊಳ್ಳೋಕಾಗಲ್ಲ, ಅಂದುಬಿಟ್ಟಳು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಚಿಕ್ಕಪ್ಪನೂ ನಕ್ಕ, ಅಂದಿನಿಂದ ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡೇ ಉಣ್ಣುತ್ತಾನೆ, ಅದನ್ನು ನಾನೊಬ್ಬಳೇ ಗಮನಿಸಿದ್ದೇನೇನೋ. ನಾನು ಹಾಗೆ ಬಾಯಿಬಿಟ್ಟರೆ ಏನು ಗತಿ, ನನ್ನ ಬಾಯಿಂದ ಏನು ಉದುರುತ್ತದೆ ಎಂದು ನನಗೆ ಗೊತ್ತು — ಕುತ್ತಿಗೆಯ ಗಂಟು ಮೊದಲು ಅಮ್ಮನ ಕಣ್ಣಿಗೆ ಬಿದ್ದ ದಿನ ಅವಳು ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಗಲ್ಲ ಎತ್ತಿ, ಎಷ್ಟೋ ವರ್ಷದ ಮೇಲೆ ತಲೆ ಸವರಿದಳು, ಆಗ ನನಗೆ ಭಯವಾಗಲಿಲ್ಲ, ಖುಷಿಯಾಯಿತು, ಗಂಟು ಇನ್ನೂ ಸ್ವಲ್ಪ ದಿನ ಇರಲಿ ಅನ್ನಿಸಿತು, ಇಂಥದ್ದನ್ನು ಅಮ್ಮನ ಎದುರು ತೊದಲಿಬಿಟ್ಟರೆ ನಾನು ಮತ್ತೆ ಮುಖ ಎತ್ತುವುದು ಹೇಗೆ. ಪೂರ್ತಿ ಮತ್ತು ಬೇಡ, ಮಾತಿನಲ್ಲೇ ಸಮ್ಮೋಹನ ಮಾಡುವ ಬೇರೆ ದಾರಿ ಇದೆಯಂತಲ್ಲ, ಎಂದು ನಾನೇ ಕೇಳಿದೆ, ನಾನು, ಬಸ್ಸಿನಲ್ಲಿ ನನ್ನ ಸ್ಟಾಪ್ ಬಂದರೂ ನಿಲ್ಲಿಸಿ ಅನ್ನಲು ನಾಚಿ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆಯುವವಳು. ಕಾರಣ ಕೇಳಿದರು, ವಾಂತಿ ಆಗುತ್ತೆ ಅಂತ ಭಯ, ಅಂದೆ, ಅದು ಮೊದಲ ಸುಳ್ಳು. ಎರಡನೆಯದು ಸಮುದ್ರ. ನಿಮ್ಮ ಮನಸ್ಸಿಗೆ ತುಂಬಾ ನೆಮ್ಮದಿ ಕೊಡೋ ಜಾಗ ಹೇಳಿ, ಆಪರೇಷನ್ ದಿನ ನಿಮ್ಮನ್ನ ಅಲ್ಲಿಗೇ ಕರ್ಕೊಂಡು ಹೋಗೋದು, ಅಂದರು ಡಾಕ್ಟರಮ್ಮ, ಪೆನ್ನು ಹಿಡಿದು ಕಾಯುತ್ತಾ, ನನಗೆ ತಟ್ಟನೆ ಹೊಳೆದದ್ದು ಆಫೀಸಿನ ಜೆರಾಕ್ಸ್ ರೂಮು, ಬಾಗಿಲು ಹಾಕಿದರೆ ಯಾರ ದನಿಯೂ ಇಲ್ಲ, ಮೆಷಿನ್ನಿನ ಬೆಚ್ಚನೆ ಪಕ್ಕೆಗೆ ಬೆನ್ನು ಆನಿಸಿ ಕೆಳಗೆ ಕೂತು ಬುತ್ತಿ ಬಿಚ್ಚುತ್ತೇನೆ, ಆಗತಾನೇ ಹೊರಬಂದ ಹಾಳೆಯ ವಾಸನೆ, ಹಸಿರು ದೀಪ ಮಿಣುಕು ಮಿಣುಕು, ಅಲ್ಲಿ ನನಗೆ ನಿಜವಾಗಿಯೂ ಹಾಯೆನಿಸುತ್ತದೆ, ಆದರೆ ಡಿಗ್ರಿ ಓದಿದ ಹುಡುಗಿ, ಇಡೀ ಭೂಮಂಡಲದಲ್ಲಿ ನಂಗೆ ಜೆರಾಕ್ಸ್ ರೂಮೇ ಇಷ್ಟ, ಎಂದು ಬಾಯಿಬಿಟ್ಟು ಹೇಳುವುದೇ, ಸಮುದ್ರ ಅಂದೆ. ವಾವ್, ಅಂದರು. ನಾನು ಸಮುದ್ರಕ್ಕೆ ಹೋಗಿದ್ದು ಒಂದೇ ಸಲ, ಕಾಲೇಜಿನ ಟೂರಿನಲ್ಲಿ, ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕಕ್ಕಿ, ಅಲ್ಲಿ ಒದ್ದೆ ಸಲ್ವಾರಿನಲ್ಲಿ ಎಲ್ಲರ ಚಪ್ಪಲಿ ಕಾಯುತ್ತಾ ಕೂತಿದ್ದೆ. ಆಮೇಲೆ ಡಾಕ್ಟರಮ್ಮನ ಹತ್ತಿರ ಅಭ್ಯಾಸ, ಕೈ ಬಲೂನಿನ ಹಾಗೆ ಹಗುರ ಆಗ್ತಿದೆ, ತಾನಾಗೇ ಮೇಲೆ ಏಳ್ತಿದೆ, ಅನ್ನುವರು, ಕೈ ಏಳದು, ಅವರು ಕಾಯುವರು, ಗಂಟಲು ಒಣಗಿದರೂ ಅದೇ ಮಾತು ಮತ್ತೆ ಮತ್ತೆ ಹೇಳುವರು, ಪಾಪ ಅನ್ನಿಸಿ ನಾನೇ ಎತ್ತಿದೆ. ಭಲೇ, ಅಂದರು, ಮುಂದಿನ ಸಲ ಕಲಿಯುವ ಹುಡುಗಿಯರನ್ನೆಲ್ಲ ಕರೆತಂದು ಸುತ್ತ ನಿಲ್ಲಿಸಿ, ನೋಡ್ರೇ, ಇಂಥ ಪೇಷಂಟ್ ಸಿಗೋದು ಅಪರೂಪ, ಅಂದರು, ಆಗಲೂ ಎತ್ತಿದೆ, ಇನ್ನೂ ಚಂದವಾಗಿ, ನಿಧಾನವಾಗಿ, ಬಲೂನಿನ ಹಾಗೇ. ಮನೆಗೆ ಬಂದು ಡೈರಿಯಲ್ಲಿ ಬರೆದೆ, ಇಂದು ಅಭ್ಯಾಸ ಚೆನ್ನಾಗಿತ್ತು. ಯಾರೂ ಓದದ ಡೈರಿಯಲ್ಲೂ ಸುಳ್ಳು.

ಈ ಸಲದ ಎಳೆತ ಭುಜದವರೆಗೆ ಇಳಿಯಿತು, ಕಣ್ಣಂಚಿನಲ್ಲಿ ನೀರು, ಸಿಸ್ಟರ್ ಹತ್ತಿಯಲ್ಲಿ ಒರೆಸಿ ಮೆಲ್ಲಗೆ, ಮೇಡಂ, ಕಣ್ಣೀರು, ಅಂದರು, ಬರುತ್ತೆ ಕೆಲವರಿಗೆ, ಆನಂದಕ್ಕೆ, ಅಂದರು ಡಾಕ್ಟರಮ್ಮ, ಆದರೂ ಅನುಮಾನವೇನೋ, ದನಿ ಇಳಿಸಿ ಮತ್ತೆ ಕೇಳಿದರು, ಏನಮ್ಮಾ, ಹಾಯಾಗಿದೆಯಾ. ಬಲಗೈ, ಬಲಗೈ, ಈಗ ಬಲಗೈ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿರುವಾಗಲೇ ಎಡಗೈ ಬೆರಳು ಎದ್ದು ನಿಂತಿದೆ, ಕ್ಲಾಸಿನಲ್ಲಿ ಅರ್ಥ ಆಯ್ತಾ ಎಂದು ಕೇಳಿದಾಗ ಏನೂ ಅರ್ಥವಾಗದೆ ಎತ್ತುತ್ತಿದ್ದ ಅದೇ ಬೆರಳು, ಪಾರ್ಲರಿನಲ್ಲಿ ತಲೆಗೆ ಕುದಿನೀರು ಸುರಿದು ಸರಿ ಇದೆಯಾ ಅಂದಾಗ ಟವಲ್ಲಿನೊಳಗಿಂದ ಎತ್ತಿದ್ದ ಅದೇ ಬೆರಳು, ಕಿವಿಯ ಹಿಂದೆ ಬೊಕ್ಕೆ ಎದ್ದದ್ದನ್ನು ಅಮ್ಮನಿಗೆ ಮೊಡವೆ ಅಂದಿದ್ದೆ. ನೋವು ಹೇಳಿದರೆ ಔಷಧಿ ಜಾಸ್ತಿ ಮಾಡ್ತೀವಿ, ಆಗಲ್ಲ ಅಂದ್ರೆ ಪೂರ್ತಿ ಮತ್ತು ಇದ್ದೇ ಇದೆ, ಇದ್ರಲ್ಲಿ ಪಾಸು ಫೇಲು ಏನಿಲ್ಲ, ಎಂದು ಎಷ್ಟು ಸಲ ಹೇಳಿದ್ದರು, ಹೇಳಿದಾಗಲೆಲ್ಲ ನಾನು ತಲೆಯಾಡಿಸಿದ್ದೆ, ಆದರೆ ಈಗ ನೋವು ಅಂದರೆ ಇದೊಂದು ನೋವಲ್ಲ, ಬಲೂನೂ ಸುಳ್ಳು ಎಂದಾಗುತ್ತದೆ, ಸಮುದ್ರವೂ ಸುಳ್ಳು ಎಂದಾಗುತ್ತದೆ, ಸುತ್ತ ನಿಂತಿದ್ದ ಹುಡುಗಿಯರ ಎದುರು ಡಾಕ್ಟರಮ್ಮನ ಮುಖಕ್ಕೆ ನಾನು ಮಸಿ ಬಳಿದ ಹಾಗಾಗುತ್ತದೆ, ಒಳ್ಳೆಯ ಹೆಂಗಸು, ನನಗಾಗಿ ಬೆಳಗಿನಿಂದ ಅಲೆ ತರುತ್ತಿದ್ದಾರೆ, ಒಂದಾದ ಮೇಲೊಂದು, ಇಲ್ಲದ ಅಲೆ. ಹೊರಗೆ ಬೆಂಚಿನ ಮೇಲೆ ಅಮ್ಮ, ನನ್ನ ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಪಕ್ಕದವರಿಗೆ ಹೇಳುತ್ತಿರಬೇಕು, ನಮ್ಮ ಹುಡುಗಿ ಪ್ರಜ್ಞೆ ತಪ್ಪಿಸ್ದೇನೇ ಮಾಡಿಸ್ಕೊಳ್ತಿದಾಳೆ, ಗಟ್ಟಿ ಮನಸ್ಸು ಅವಳದು. ಹಾಂ, ಬಂತು, ಅಂದರು ಸರ್ಜನ್ ಪರದೆಯ ಆಚೆ, ದನಿಯಲ್ಲಿ ಈಗ ತಮಾಷೆಯಿಲ್ಲ, ಇದೇ ಧ್ವನಿಯ ನರ, ಗಂಟಿಗೇ ಅಂಟಿಕೊಂಡಿದೆ, ಯಾರೂ ಟೇಬಲ್ ಮುಟ್ಟಬೇಡಿ, ಪೇಷಂಟ್ ಕೂದಲೆಳೆಯಷ್ಟೂ ಅಲುಗಬಾರದು — ಧ್ವನಿಯ ನರ, ಮೊದಲೇ ಚಿತ್ರ ಬರೆದು ತೋರಿಸಿದ್ದರು, ದಾರದಷ್ಟು ಸಣ್ಣದು, ಅದಕ್ಕೆ ಪೆಟ್ಟಾದರೆ ದನಿ ಒಡೆದು ಹೋಗುತ್ತದೆ, ಹೋದರೆ ಹೋಗಲಿ, ಅದರಿಂದ ನಾನು ಮಾಡಿದ್ದಾದರೂ ಏನು ಎಂದು ಆಗ ಒಳಗೊಳಗೇ ಅಂದುಕೊಂಡಿದ್ದೆ, ಈಗ ಹಾಗನ್ನಿಸುವುದಿಲ್ಲ, ಈಗ ತೊಡೆ ನಡುಗಲು ಶುರುವಾಗಿದೆ, ಹಿಡಿದರೂ ನಿಲ್ಲುತ್ತಿಲ್ಲ, ಮುಂದಿನ ಸಲ ಜಗ್ಗಿದರೆ ನಾನು ಅಲುಗುತ್ತೇನೆ, ಅಲುಗೇ ಅಲುಗುತ್ತೇನೆ, ಮರ್ಯಾದೆಗೆ ಅಂಜಿ ಎತ್ತಿದ ಬೆರಳು ಇನ್ನೂ ನೆಟ್ಟಗೆ ನಿಂತಿದೆ, ಇಳಿಸಲು ಮರೆತಿದ್ದೇನೆ, ಹಾಯಾಗಿದ್ದೇನೆ ಹಾಯಾಗಿದ್ದೇನೆ ಎನ್ನುತ್ತ ಅದೊಂದೇ ಅಲ್ಲಿ. ಅಮ್ಮಾ, ಕೇಳಿಸ್ತಿದೆಯಾ, ಅಂದರು ಸರ್ಜನ್, ನರ ಬಿಡಿಸೋಕೆ ಮುಂಚೆ ನಿಮ್ಮ ದನಿ ಒಂದ್ಸಲ ಕೇಳ್ಬೇಕು ನಂಗೆ, ಅಲುಗದೆ ಏನಾದ್ರೂ ಮಾತಾಡಿ, ಒಂದು ಎರಡು ಮೂರು ಅಂತ ಎಣಿಸಿದ್ರೂ ಸಾಕು. ಕತ್ತರಿ ನಿಂತಿತು. ಡಾಕ್ಟರಮ್ಮನ ಅಲೆಯೂ ನಿಂತಿತು. ಎಲ್ಲರೂ ನನ್ನ ಬಾಯಿಯನ್ನೇ ಕಾಯುತ್ತಿದ್ದಾರೆ, ಒಂದು ಎರಡು ಮೂರು, ಎಷ್ಟು ಸುಲಭ, ನಾಲಿಗೆಯ ತುದಿಗೆ ಬಂದೇ ಬಿಟ್ಟಿದೆ ಒಂದು, ಬೆರಳು, ಆ ಬೆರಳು, ನೆಟ್ಟಗೆ, ಬೆಳ್ಳಗೆ —

ಡಾಕ್ಟ್ರೇ, ನಾನು ಸಮುದ್ರಕ್ಕೆ ಹೋಗೇ ಇಲ್ಲ, ಇಲ್ಲೇ ಇದೀನಿ, ತುಂಬಾ ನೋಯ್ತಾ ಇದೆ.