ದಾರಿ ಬಿಡುವ ಕೊಂಬೆ

“ನಿಮ್ಮ ಸಂಭಾವಿತರು ಮತ್ತೆ ಲಿಫ್ಟ್ ಮುಂದೆ ನಿಂತ್ಬಿಟ್ಟಿದಾರೆ ಅಕ್ಕಾ. ಮೇಲಿನ ವಾರ್ಡಿನೋರು ಹೊದಿಕೆ ಇಲ್ದೆ ಬಾಯಿಗೆ ಬಂದಂಗೆ ಬೈತಾ ಇದಾರೆ,” ಎಂದಳು ಇಸ್ತ್ರಿಯವಳು ಒಗೆಯುವ ಕೋಣೆಯ ಮೇಲ್ವಿಚಾರಕಿಗೆ, ನಗು ತಡೆಯಲಾರದೆ.

ಸಂಭಾವಿತರೆಂದರೆ ಮನುಷ್ಯರಲ್ಲ. ಆಸ್ಪತ್ರೆಯಲ್ಲಿ ಒಗೆದ ಬಟ್ಟೆಯನ್ನು ವಾರ್ಡುಗಳಿಗೆ ತಾನೇ ಒಯ್ಯಬೇಕಾದ ಗಾಡಿ. ಎದುರು ಯಾರೇ ಬಂದರೂ ನಿಂತು ದಾರಿ ಬಿಡುತ್ತಿದ್ದುದರಿಂದ ಒಗೆಯುವ ಕೋಣೆಯವರೆಲ್ಲ ಸೇರಿ ಇಟ್ಟ ಹೆಸರು. ಅದಕ್ಕೆ ಬುದ್ಧಿ, ಎಂದರೆ ಪ್ರೋಗ್ರಾಂ, ಬರೆದವಳು ಮೇಲ್ವಿಚಾರಕಿಯ ಸ್ವಂತ ತಂಗಿ. “ನಮ್ಮನೆ ಹುಡುಗಿ ಮಾಡಿದ್ದು ಸಾರ್, ಸುಳ್ಳಾಗಲ್ಲ,” ಎಂದು ಅಕ್ಕ ಮ್ಯಾನೇಜರ ಮುಂದೆ ಎದೆ ತಟ್ಟಿ ಹೇಳಿಬಿಟ್ಟಿದ್ದಳು. ಇವತ್ತು ಸಂಜೆಯೊಳಗೆ ಗಾಡಿ ಮೇಲಿನ ವಾರ್ಡು ಮುಟ್ಟದಿದ್ದರೆ ಅದು ವಾಪಸ್ಸು. ತಂಗಿಯ ವರ್ಷದ ದುಡಿಮೆಯೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಮ್ಯಾನೇಜರು ಬಂದರು. “ಇದಕ್ಕೆ ಮರ್ಯಾದೆ ಜಾಸ್ತಿ ಆಯ್ತಮ್ಮಾ. ದಾರಿ ಬಿಡೋ ಬುದ್ಧೀನೇ ಕಿತ್ತುಹಾಕಿ. ಗಾಡಿ ನುಗ್ಗಿದ್ರೆ ಜನಾನೇ ಸರೀತಾರೆ.”

ಬೋರಲು ಹಾಕಿದ ಬುಟ್ಟಿಯ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ತಂಗಿ ತಲೆಯೆತ್ತಿದಳು. “ಕೀಳಲ್ಲ ಸಾರ್. ಇಲ್ಲಿ ಊರುಗೋಲು ಹಿಡಿದೋರು ಓಡಾಡ್ತಾರೆ. ಅವರ ಮೇಲೆ ನುಗ್ಗೋ ಗಾಡಿ ನಂದಲ್ಲ. ಬೇಕಾದ್ರೆ ವಾಪಸ್ ಕಳಿಸಿ.”

ಮ್ಯಾನೇಜರು ಅತ್ತ ಹೋದದ್ದೇ ತಡ, “ಬಾಯಿಗೆ ಬೀಗ ಇಲ್ವೇನೇ ನಿಂಗೆ?” ಎಂದಳು ಅಕ್ಕ.

“ನಿನ್ನ ತಂಗಿ ಅಲ್ವಾ, ಎಲ್ಲಿಂದ ಬರಬೇಕು ಬೀಗ. ಇಲ್ಲಿ ನೋಡು,” ತಂಗಿ ಲ್ಯಾಪ್‌ಟಾಪಿನ ಪರದೆ ತಿರುಗಿಸಿದಳು. “ಗಾಡಿ ಬುದ್ಧಿ ಅಂದ್ರೆ ಈ ತಲೆಕೆಳಗಾದ ಮರ, ಬೇರು ಮೇಲಿದೆ. ಗಾಡಿ ಕ್ಷಣಕ್ಷಣಕ್ಕೂ ಎಡಗಡೆಯಿಂದ ಒಂದೊಂದೇ ಕೊಂಬೇನ ಕೇಳುತ್ತೆ. ‘ಅಪಾಯ ಇದ್ರೆ ನಿಲ್ಲು’ ಅನ್ನೋದು ಮೊದಲನೇದು. ಅದು ನಂಗೇನೂ ಕೆಲಸ ಇಲ್ಲ ಅಂದ್ರೆ ಪಕ್ಕದ್ದು, ‘ಜನ ಇದ್ರೆ ದಾರಿ ಬಿಡು’. ಅದೂ ಕೈಬಿಟ್ರೆ ಮಾತ್ರ ‘ಬಟ್ಟೆ ಒಯ್ಯಿ’.”

“ಲಿಫ್ಟ್ ಮುಂದೆ ಜನ ತಪ್ಪಿದ್ದುಂಟಾ?”

“ನಾನು ಎಡವಿದ್ದೇ ಅಲ್ಲಿ. ದಾರಿ ಬಿಡೋ ಕೊಂಬೆ ‘ಕಾಯ್ತಾ ಇದೀನಿ’ ಅಂತಾನೇ ಕೂತಿರುತ್ತೆ. ಅದಕ್ಕೆ ಸೋಲೋದನ್ನ ಕಲಿಸಿರಲಿಲ್ಲ.”

“ಸೋಲೋದನ್ನ ಬೇರೆ ಕಲಿಸ್ಬೇಕಾ?”

“ಒಂದು ಸೋತ್ರೇನೇ ಇನ್ನೊಂದಕ್ಕೆ ಸರದಿ ಅಕ್ಕಾ. ಸ್ವಲ್ಪ ಹೊತ್ತು ಕಾಯಿ, ಆಮೇಲೆ ‘ಸೋತೆ’ ಅನ್ನು ಅಂತ ಈಗ ಬರೆದೆ. ಅದರ ಪಕ್ಕ ಹೊಸ ಕೊಂಬೆ: ಗಂಟೆ ಬಾರಿಸು, ಗೋಡೆ ಪಕ್ಕ ಜಾಗ ಇದ್ರೆ ಮೆಲ್ಲಗೆ ಹೋಗು. ಅಪಾಯದ ಕೊಂಬೆ ಇದ್ದಲ್ಲೇ ಇದೆ.”

ರೋಗಿಗಳನ್ನು ನೋಡಲು ಬಂದವರಿಂದ ಲಿಫ್ಟಿನ ಮುಂದಿನ ಕಾರಿಡಾರು ಕಿಕ್ಕಿರಿದಿತ್ತು. ಅಕ್ಕ ತಂಗಿ ಹಿಂದೆ ಬರುತ್ತಿದ್ದಂತೆ ಗಾಡಿ ಹೊರಟಿತು, ನಿಂತಿತು, ಕಾಯಿತು. ಅಕ್ಕ ಸೆರಗಿನ ತುದಿ ಹಿಂಡುತ್ತಿದ್ದಳು. ಟಿಣ್ ಎಂದಿತು ಗಂಟೆ. ಗಾಡಿ ಗೋಡೆಗೆ ಆತುಕೊಂಡು ಹೊಸ ಸೊಸೆಯಂತೆ ಮೆಲ್ಲಗೆ ಸಾಗಿತು. ಊರುಗೋಲಿನ ಮುದುಕರೊಬ್ಬರು ಧುತ್ತೆಂದು ಅಡ್ಡ ಬಂದರು. ಗಾಡಿ ಥಟ್ಟನೆ ನಿಂತು, ಅವರನ್ನು ದಾಟಗೊಟ್ಟು, ಲಿಫ್ಟಿನೊಳಗೆ ಹೊಕ್ಕಿತು. ಸ್ವಲ್ಪ ಹೊತ್ತಿಗೆ ಮೇಲಿನ ವಾರ್ಡಿನಿಂದ ಫೋನು: ಹೊದಿಕೆ ಬಂತಂತೆ.

“ಇದನ್ನೆಲ್ಲ ಯಾರಮ್ಮಾ ಹೇಳಿಕೊಟ್ಟಿದ್ದು ನಿಮ್ಮ ತಂಗಿಗೆ?” ಮತ್ತೆ ಅಲ್ಲಿಗೆ ಬಂದ ಮ್ಯಾನೇಜರು ಕೇಳಿದರು.

“ಯಾರೂ ಇಲ್ಲ ಸಾರ್, ಅವಳೇ ಕಲಿತಿದ್ದು,” ಎಂದಳು ಅಕ್ಕ, ಇಡೀ ಕಾರಿಡಾರಿಗೆ ಕೇಳುವ ಹಾಗೆ. “ನಮ್ಮನೇಲಿ ಎಲ್ಲಾರೂ ಬರೀ ಮಾತಾಡೋರು. ಇವಳೊಬ್ಬಳು ಮಾಡೋಳು.”

ತಂಗಿ ಲ್ಯಾಪ್‌ಟಾಪಿನ ಮರೆಯಲ್ಲಿ ಮುಖ ಹುದುಗಿಸಿದಳು. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದು ಗಾಡಿ ಖಾಲಿಯಾಗಿ ಹೊರಬಂತು. ಅಕ್ಕ ಯಾರಿಗೂ ಕೆಲಸ ಹೇಳದೆ, ಕೆಳಗಿನ ವಾರ್ಡಿನ ಹಾಸುಬಟ್ಟೆಗಳನ್ನು ತಾನೇ ಎತ್ತಿ ಅದರ ಮೇಲೆ ಹೇರತೊಡಗಿದಳು.